ಎತ್ತುವ ಮುನ್ನ

“ಎತ್ರೋ ಬೇಗ, ಇನ್ಯಾರಿಗ್ ಕಾಯ್ತಾ ಇದೀರಾ?”

ಅಮ್ಮಯಮ್ಮ ಮೂರನೆಯ ಸಲ ಗದರಿದಾಗ ಬಿದಿರು ಬಿಗಿದು ಚಟ್ಟ ಕಟ್ಟುತ್ತಿದ್ದವರ ಕೈ ಹಾಗೇ ನಿಂತಿತು. ಗಂಡ ತೀರಿಕೊಂಡು ಇನ್ನೂ ಐದು ಗಂಟೆ ಆಗಿರಲಿಲ್ಲ. ಬೆಳಗ್ಗೆ ಆರಕ್ಕೆ ಕಾಫಿ ಕೊಡಲು ಹೋದರೆ ಅಪ್ಪಯ್ಯಣ್ಣ ಗೋಡೆಗೊರಗಿ ಕೂತಂತೆಯೇ ಹೋಗಿಬಿಟ್ಟಿದ್ದ. ಅಳಬೇಕಾದವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಸ್ತ್ರಿಯಂತೆ ಅಂಗಳದ ತುಂಬ ಓಡಾಡುತ್ತಿದ್ದರೆ, ಬಂದವರಿಗೆ ಏನು ಹೇಳಿ ಸಮಾಧಾನ ಮಾಡಬೇಕೆಂದೇ ತಿಳಿಯಲಿಲ್ಲ.

“ಅಜ್ಜಿ, ಫ್ರೀಜರ್ ಬಾಕ್ಸ್ ತರಿಸೋಣ. ಕೋಲಾರದಿಂದ ಚಿಕ್ಕತಾತ ಬರೋದು ಸಂಜೆ ಆಗುತ್ತೆ,” ಎಂದಳು ಮೊಮ್ಮಗಳು ಅರ್ಪಿತ.

“ಬರೋರು ಬಂದು ಮಣ್ಣಿನ್ ಗುಡ್ಡೆ ನೋಡ್ಕೊಂಡ್ ಹೋಗ್ಲಿ. ಪೆಟ್ಟಿಗೇನೂ ಬ್ಯಾಡ, ಗಿಟ್ಟಿಗೇನೂ ಬ್ಯಾಡ.”

ಪಕ್ಕದ ಮನೆಯ ದೊಡ್ಡಮುನಿಯಪ್ಪ ಬೀಡಿ ಆರಿಸಿ ಎದ್ದು ಬಂದ. “ಅತ್ತಿಗೆ, ನಮ್ಮಪ್ಪ ಸತ್ತಾಗ ನಿನ್ ಗಂಡ ಹೊತ್ತು ಮುಳುಗೋ ತನಕ ಎತ್ತೋಕೆ ಬಿಡ್ಲಿಲ್ಲ. ಗಳಿಗೆಗೊಂದ್ ಸಲ ಮೂಗಿನ್ ಹತ್ರ ಬೆರಳಿಟ್ಟು ಇನ್ನೊಂದ್ ಚೂರು ಇರ್ರಿ ಅಂತಿದ್ದ. ಅಂಥೋನ್ನ ಹಿಂಗೆ ಅರ್ಜೆಂಟಾಗಿ ಸಾಗಿಸೋದಾ?”

“ಅದಕ್ಕೇ ಕಣಪ್ಪ,” ಎಂದಳು ಅಮ್ಮಯಮ್ಮ. “ಅದಕ್ಕೇ.”

ದೊಡ್ಡಮುನಿಯಪ್ಪ ವಾಪಸ್ ಹೋಗಿ ಕೂತ. ಅಪ್ಪಯ್ಯಣ್ಣನಿಗೆ ಊರಿಟ್ಟ ಹೆಸರು ಮೂಗು ಮಿಲ್ಟ್ರಿ. ಸೇನೆಯಿಂದ ನಿವೃತ್ತನಾಗಿ ಬಂದಂದಿನಿಂದ ಸುತ್ತ ನಾಲ್ಕು ಊರಲ್ಲಿ ಯಾರು ಸತ್ತರೂ, ಕರೆಯಲಿ ಬಿಡಲಿ, ಅವನು ಹಾಜರು. ಹೆಣದ ತಲೆದೆಸೆಯಲ್ಲಿ ಕೂತು ಮೂಗಿನ ಬಳಿ ಬೆರಳು ಹಿಡಿಯುವವನು, ಎದೆಗೆ ಕಿವಿ ಕೊಡುವವನು, ಎತ್ತಲು ಬಂದವರನ್ನು ಮತ್ತೆ ಮತ್ತೆ ಹಿಂದಕ್ಕೆ ಕಳಿಸುವವನು. ನಗುವವರು ನಕ್ಕರು, ಬೈಯುವವರು ಬೈದರು, ಅವನು ಮಾತ್ರ ಬಿಡಲಿಲ್ಲ. ಹೆಂಡತಿ ಅವನಿಗೆ ಹಾಕಿದ್ದ ಶಾಪ ಆ ಊರಲ್ಲಿ ಗೊತ್ತಿಲ್ಲದವರಿರಲಿಲ್ಲ.

*

ಅವರ ಮೊದಲ ಮಗಳು ಪ್ರಮೋದಾಗೆ ಆಗ ಐದು ವರ್ಷ. ಮೂರು ದಿನದ ಜ್ವರ. ದೇವನಹಳ್ಳಿ ಪಕ್ಕದ ವಿಜಯಪುರದ ಡಾಕ್ಟರ ಹತ್ತಿರ ತೋರಿಸಿಕೊಂಡು ಬಂದ ಮರುದಿನ ಬೆಳಗಿನ ಜಾವ ಮಗು ತಾಯಿಯ ಮಡಿಲಲ್ಲೇ ತಣ್ಣಗಾಯಿತು. ಎಳೇ ಮಕ್ಕಳನ್ನು ಬಿಸಿಲೇರುವ ಮೊದಲೇ ಮಣ್ಣು ಮಾಡುವುದು ಅವರಲ್ಲಿ ರೂಢಿ. ಅಮ್ಮಯಮ್ಮನ ಅಣ್ಣಂದಿರು ಹೊಲದಲ್ಲಿ ಗುಂಡಿ ತೋಡಿ ಬಂದರು.

ಅಪ್ಪಯ್ಯಣ್ಣ ಮಗುವನ್ನು ಎದೆಗವಚಿಕೊಂಡು ಕೂತ. ಕೊಡಲೇ ಇಲ್ಲ.

“ಇನ್ನೊಂದ್ ಚೂರು ಇರ್ರಿ,” ಎಂದ ಬೆಳಗ್ಗೆ. ಮಧ್ಯಾಹ್ನವೂ ಅದೇ ಮಾತು, ಸಂಜೆಯೂ ಅದೇ ಮಾತು. ಮಾರನೆಯ ದಿನ ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಮಗುವಿನ ಮುಖ ಗುರುತು ಸಿಗದಂತಾಗಿತ್ತು. ಕಣ್ಣಿನ ಮೂಲೆಯಲ್ಲಿ ಇರುವೆ ಸಾಲುಗಟ್ಟಿದ್ದವು. ಅಮ್ಮಯಮ್ಮ ಅವುಗಳನ್ನು ಸೆರಗಿನಿಂದ ಒರೆಸಿ ಒರೆಸಿ ಸೋತು, ಕೊನೆಗೆ ಗಂಡನ ಎದೆಗೆ ಎರಡೂ ಕೈಯಲ್ಲಿ ಗುದ್ದಿದಳು.

“ನನ್ ಮಗೀನ ಮುಖಾನೂ ನಂಗುಳಿಸ್ಲಿಲ್ವಲ್ಲೋ! ನೀನ್ ಸತ್ ದಿನ ಒಂದ್ ಗಳಿಗೇನೂ ಇಟ್ಕೊಳಲ್ಲ ನಿನ್ನ. ಮೈ ಬೆಚ್ಚಗಿದ್ರೂ ಎತ್ತಾಕ್ತೀನಿ, ನೋಡ್ತಿರು!”

ಅವನು ತಾನೇ ಮಗುವನ್ನು ಎತ್ತಿಕೊಂಡು ಹೊಲಕ್ಕೆ ನಡೆದ.

ಆಮೇಲೆ ನಲವತ್ತು ವರ್ಷ ಸಂಸಾರ ಮಾಡಿದರು. ಹೊತ್ತು ಹೊತ್ತಿಗೆ ಮುದ್ದೆ ಇಟ್ಟಳು, ಕಾಯಿಲೆ ಬಿದ್ದಾಗ ಕಾಲೊತ್ತಿದಳು, ಆಗ ಮೂರು ವರ್ಷದವನಾಗಿದ್ದ ಮಗ ಕೆಂಪರಾಜುವನ್ನು ಇಬ್ಬರೂ ಸೇರಿ ದೊಡ್ಡವನನ್ನಾಗಿ ಮಾಡಿದರು. ಆದರೆ ಆ ಎದೆಯ ಮೇಲೆ ಅವಳು ಮತ್ತೆ ತಲೆಯಿಡಲಿಲ್ಲ.

*

ಮೈ ತೊಳೆದು, ಹೊಸ ಪಂಚೆ ಉಡಿಸಿ, ಚಟ್ಟದ ಮೇಲೆ ಮಲಗಿಸಿದ್ದಾಯಿತು. ಹೊಲದಲ್ಲಿ ಜೆಸಿಬಿ ಗುಂಡಿ ತೋಡಿ ಮುಗಿಸಿದೆಯೆಂದು ಕೆಂಪರಾಜುವಿಗೆ ಫೋನು ಬಂತು. ಬಾಯಿಗೆ ಅಕ್ಕಿ ಹಾಕುವ ಶಾಸ್ತ್ರ ಶುರುವಾಯಿತು. ನೆಂಟರು ಒಬ್ಬೊಬ್ಬರಾಗಿ ಬಂದು ನಾಲ್ಕು ಕಾಳು ಅಕ್ಕಿಯನ್ನು ಸತ್ತವನ ತುಟಿಗೆ ಮುಟ್ಟಿಸಿ ಹೋದರು.

ಆ ಹೊತ್ತಿಗೆ ವಿಜಯಪುರದ ಬಸ್ಸಿಳಿದು, ಕೋಲೂರಿಕೊಂಡು ಆದಿನಾರಾಯಣಪ್ಪ ಬಂದ. ಅಪ್ಪಯ್ಯಣ್ಣನ ಜೊತೆ ಸೇನೆಯ ಒಂದೇ ತುಕಡಿಯಲ್ಲಿದ್ದವನು. ವರ್ಷಕ್ಕೊಂದು ಸಲ ಬರುವವನು. ಇಬ್ಬರೂ ಹುಣಸೇಮರದ ಕೆಳಗೆ ಕೂತು ಹೆಚ್ಚು ಮಾತಿಲ್ಲದೆ ಎದ್ದು ಬರುತ್ತಿದ್ದರು. ಈಗ ಅವನು ಅಕ್ಕಿ ಹಾಕಲಿಲ್ಲ. ಬೆರಳನ್ನು ಗೆಳೆಯನ ಮೂಗಿನ ಬಳಿ ಹಿಡಿದು ನಿಂತುಬಿಟ್ಟ.

ಅಮ್ಮಯಮ್ಮನಿಗೆ ಮೈಯೆಲ್ಲ ಉರಿಯಿತು. “ನೀವೂ ಶುರು ಹಚ್ಕೊಂಡ್ರಾ? ಒಬ್ಬಂದು ಮುಗೀತು ಅಂದ್ರೆ ಇನ್ನೊಬ್ಬ. ಯಾಕೆ ಈ ಹಾಳು ಚಾಳಿ ನಿಮ್ಗೆ?”

ಆದಿನಾರಾಯಣಪ್ಪ ಬೆಚ್ಚಿ ಅವಳ ಕಡೆ ತಿರುಗಿದ. “ನಿಮ್ಗೆ ಹೇಳೇ ಇಲ್ವಾ ತಾಯಿ ಅವ್ನು? ಇಷ್ಟ್ ವರ್ಷ ಆದ್ರೂ?”

“ಏನ್ ಹೇಳೋದು?”

ಅವನು ಚಟ್ಟದ ಪಕ್ಕದಲ್ಲೇ ನೆಲಕ್ಕೆ ಕುಸಿದು ಕೂತು, ಅವಳೊಬ್ಬಳಿಗೆ ಹೇಳುವವನಂತೆ ಹೇಳತೊಡಗಿದ. ಸುತ್ತ ಇದ್ದವರೂ ಹತ್ತಿರ ಸರಿದರು.

*

ಎಪ್ಪತ್ತೊಂದರ ಡಿಸೆಂಬರು. ಪೂರ್ವ ಬಂಗಾಳದಲ್ಲಿ ಯುದ್ಧ ಇನ್ನೇನು ಮುಗಿಯುತ್ತದೆ ಎಂದು ಎಲ್ಲರೂ ಹೇಳುತ್ತಿದ್ದ ದಿನಗಳು. ನದಿ ದಾಟಿ ಒಂದು ಸಣ್ಣ ಪಟ್ಟಣಕ್ಕೆ ಹೋದರೆ ಅಲ್ಲಿ ನಿಂತ ಗೋಡೆಯೇ ಇರಲಿಲ್ಲ. ಅಂಗಡಿ ಬೀದಿಯ ತಗಡುಗಳೆಲ್ಲ ಕೆರೆಯಲ್ಲಿ ಬಿದ್ದಿದ್ದವು. ಶೆಲ್ ಬಿದ್ದು ಕುಸಿದ ಶಾಲೆಯೊಳಗೆ, ಅಲ್ಲಿ ಅವಿತಿದ್ದ ಊರ ಜನ ಸತ್ತು ಬಿದ್ದಿದ್ದರು. ಸಂಜೆಯೊಳಗೆ ಅವರನ್ನು ಹೂಳಿ ಲಾರಿ ಹತ್ತಬೇಕೆಂದು ಹುಕುಂ ಆಯಿತು.

ಮಿಕ್ಕವರು ಹೊತ್ತು ತರುವುದು, ಅಪ್ಪಯ್ಯಣ್ಣ ಮೂಗಿನ ಬಳಿ ಬೆರಳಿಟ್ಟು ನೋಡಿ ‘ಹೂಂ’ ಅನ್ನುವುದು. ಹೂಂ ಅಂದರೆ ಗುಂಡಿಗೆ. ಅವನಿಗಾಗ ಇಪ್ಪತ್ತೆರಡು. ಮೂರು ದಿನದಿಂದ ನಿದ್ದೆಯಿರಲಿಲ್ಲ. ಮೊದಲ ಇಬ್ಬರನ್ನು ಸರಿಯಾಗಿ ನೋಡಿದ. ಆಮೇಲೆ ನೋಡಲಾರದೆ ಮುಖ ತಿರುಗಿಸಿ ನಿಂತು, ಹೆಜ್ಜೆ ಸಪ್ಪಳ ಕೇಳಿದ ಕೂಡಲೇ ಹೂಂ, ಹೂಂ ಎನ್ನುತ್ತ ಹೋದ. ಹನ್ನೊಂದು ಜನರನ್ನು ಗುಂಡಿಗಿಳಿಸಿ ಮಣ್ಣೆಳೆದರು.

ಕೊನೆಗೆ ಸಿಕ್ಕಿದ್ದು ಒಬ್ಬ ಮುದುಕಿ. ಬಿಳೀ ಸೀರೆ, ಅವನ ಅಮ್ಮನ ವಯಸ್ಸು. ಇವಳನ್ನಾದರೂ ಬರಿಬಾಯಲ್ಲಿ ಕಳಿಸಬಾರದು ಅನ್ನಿಸಿ ಅಡುಗೆ ಲಾರಿಯಿಂದ ಒಂದು ಚಿಟಿಕೆ ಅಕ್ಕಿ ತಂದು, ನಮ್ಮೂರಲ್ಲಿ ಮಾಡುವ ಹಾಗೆ ಬಾಯಿಗೆ ಹಾಕಿದ.

ಮುದುಕಿ ಅಕ್ಕಿ ಅಗಿದಳು.

*

“ಆಸ್ಪತ್ರೆ ಗಾಡೀಲಿ ಆಯಮ್ಮನ್ನ ಕಳಿಸಿದ್ವಿ. ಉಳಿದ್ಲೋ ಇಲ್ವೋ ಗೊತ್ತಾಗ್ಲಿಲ್ಲ,” ಎಂದ ಆದಿನಾರಾಯಣಪ್ಪ. “ಇವ್ನು ಓಡೋಗಿ ಗುಂಡಿ ಮೇಲ್ ಬಿದ್ದ ಕಣಮ್ಮ. ಬರಿಗೈಲಿ ಮಣ್ಣು ಬಗೀತಾ ಇದ್ದ. ಒಂಬತ್ತ್ ಜನಾನ ನೋಡ್ಲಿಲ್ಲ ಕಣೋ, ನೋಡದಲೇ ಹೂಂ ಅಂದ್ಬುಟ್ಟೆ ಅಂತ ಅರಚ್ತಾನೆ. ಮೇಲಿದ್ದ ಮೂರ್ ಜನಾನ ತೆಗೆದು ನೋಡ್ದ. ಅವ್ರು ಹೋಗಿದ್ರು. ಅಷ್ಟೊತ್ಗೆ ಲಾರಿ ಹೊರಡ್ತು. ಅವನ್ನ ರಟ್ಟೆ ಹಿಡಿದು ಎಳ್ಕೊಂಡ್ ಬಂದೋನು ನಾನೇ. ಇನ್ನು ಆರು ಜನ ಅಲ್ಲೇ ಉಳಿದ್ರು.”

ಅವನು ಟವಲಿನಿಂದ ಮುಖ ಮುಚ್ಚಿಕೊಂಡ. “ನಿಮ್ ಮಗು ಹೋದ್ಮೇಲೆ ನನ್ ಹತ್ರ ಬಂದಿದ್ದ. ಹೂಂ ಅನ್ನೋಕೆ ಬಾಯೇ ಬರ್ಲಿಲ್ಲ ಕಣೋ ಅಂದ. ಅವ್ಳಿಗ್ ಹೇಳೋ ಅಂದೆ. ಹೆಂಗ್ ಹೇಳ್ಲಿ, ಜೀವಂತ ಇದ್ದೋರ್ನ ಹೂತಿರ್ಬೋದು ಅಂತ ಗೊತ್ತಾದ್ರೆ ಅವ್ಳು ನನ್ ಕೈಲಿ ನೀರೂ ಮುಟ್ಟಲ್ಲ ಅಂದ.”

ನಲವತ್ತು ವರ್ಷ ಒಂದೇ ಸೂರಿನಡಿ ಇದ್ದು, ಈ ಮನುಷ್ಯ ಒಂದು ಮಾತು ಆಡಿದ್ದರೆ ತಾನು ಕ್ಷಮಿಸುತ್ತಿದ್ದೆನೋ ಇಲ್ಲವೋ ಎಂದು ಅಮ್ಮಯಮ್ಮನಿಗೇ ತಿಳಿಯಲಿಲ್ಲ. ನಾಲ್ಕು ಜನ ಚಟ್ಟ ಎತ್ತಿ ಹೆಗಲಿಗೆ ಕೊಡುವುದರಲ್ಲಿದ್ದರು. ತಮಟೆಯವರು ಬಡಿಯತೊಡಗಿದರು.

“ಇಳಿಸ್ರೋ,” ಎಂದಳು.

ಕೆಂಪರಾಜು ಹತ್ತಿರ ಬಂದ. “ಅಮ್ಮ, ನೀನೇ ಅಲ್ವಾ ಬೆಳಗ್ಗಿಂದ ಎತ್ತಿ ಎತ್ತಿ ಅಂತಿದ್ದಿದ್ದು? ಗುಂಡಿ ರೆಡಿ ಐತೆ, ಎಲ್ರೂ ಬಂದವ್ರೆ.”

“ನಾನ್ ಆತುರ ಬಿದ್ದೆ ಕಣಪ್ಪ. ನಾನೂ ನೋಡದಲೇ ಹೂಂ ಅಂದ್ಬುಟ್ಟೆ. ಇಳಿಸು.”

ಇಳಿಸಿದರು. ಊಟವಿಲ್ಲದೆ ಬಂದಿದ್ದ ನೆಂಟರಲ್ಲಿ ಒಬ್ಬರೂ ಗೊಣಗಲಿಲ್ಲ. ಮಧ್ಯಾಹ್ನ ಕಳೆಯಿತು. ದೊಡ್ಡಮುನಿಯಪ್ಪ ತಾನಾಗಿ ಎದ್ದು ಬಂದು ಅಪ್ಪಯ್ಯಣ್ಣನ ಮೂಗಿನ ಬಳಿ ಬೆರಳು ಹಿಡಿದು ನೋಡಿ, ತಲೆಯಾಡಿಸಿ, ಹೋಗಿ ಕೂತ. ಅವನ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಒಂದು ಕಾಲಕ್ಕೆ ಅವನನ್ನು ಬೈದು ಅಂಗಳದಿಂದ ಆಚೆ ಕಳಿಸಿದ ಮನೆಗಳವರೂ ಬಂದರು. ಕೋಲಾರದಿಂದ ಅವನ ತಮ್ಮನೂ ಬಂದು ತಲುಪಿದ.

ಬಿಸಿಲು ತೆಂಗಿನ ಗರಿಗಿಳಿದಾಗ ಅಮ್ಮಯಮ್ಮ ಚಟ್ಟದ ಬಳಿ ಮೊಣಕಾಲೂರಿದಳು. ಮೂಗಿನ ಬಳಿ ಬೆರಳಿಟ್ಟಳು. ಬೆರಳಿಗೆ ಏನೂ ತಿಳಿಯಲಿಲ್ಲ. ಹೂವಿನ ಹಾರ ಸರಿಸಿ, ತಲೆ ಬಾಗಿಸಿ, ಅವನ ಎದೆಯ ಮೇಲೆ ಕಿವಿಯಿಟ್ಟಳು. ತಮಟೆಯವರ ಕಡೆ ಕೈಯೆತ್ತಿದಳು; ನಿಂತಿತು. ಹೊಲದಲ್ಲಿ ಮಣ್ಣು ಮುಚ್ಚಲು ಆಗಷ್ಟೇ ಚಾಲೂ ಮಾಡಿದ್ದ ಜೆಸಿಬಿಯ ಎಂಜಿನ್ ಆರಿಸಲು ಯಾರೋ ಓಡಿದರು. ಅಂಗಳದಲ್ಲಿ ಕೆಮ್ಮು ಬಂದವರೂ ಸೆರಗು ಬಾಯಿಗೊತ್ತಿ ಹಿಡಿದರು.

ಎಷ್ಟೋ ಹೊತ್ತಾದ ಮೇಲೆ ಕೆಂಪರಾಜು ಬಗ್ಗಿ ಅವಳ ಹೆಗಲು ಮುಟ್ಟಿದ. “ಅಮ್ಮ... ಕತ್ತಲಾಗುತ್ತೆ. ಹೂಂ ಅನ್ನಮ್ಮ.”

ದೇವನಹಳ್ಳಿಯ ಕಡೆಗೆ ಇಳಿಯುವ ವಿಮಾನವೊಂದು ಮನೆಯ ಮೇಲೇ ಹಾದು ಅಂಗಳವನ್ನೆಲ್ಲ ಗದ್ದಲದಿಂದ ತುಂಬಿತು. ಅಮ್ಮಯಮ್ಮ ಕಣ್ಣು ಮುಚ್ಚಿ, ಕಿವಿಯನ್ನು ಇನ್ನೂ ಒತ್ತಿ ಹಿಡಿದಳು.

“ಒಂದ್ ಚೂರು ಇರೋ. ಈ ಸದ್ದು ಹೋಗ್ಲಿ, ಏನೂ ಕೇಳುಸ್ತಿಲ್ಲ.”

ಅದರ ಹಿಂದೆಯೇ ಇನ್ನೊಂದು ಬರುತ್ತಿತ್ತು.