ಕೊಟ್ಟ ಹಾಗೆಯೇ ವಾಪಸ್ಸು

ಕೊಟ್ಟದ್ದನ್ನು ಹಿಂದಕ್ಕೆ ಕೇಳಲು ಬರುವವರು ಸಾಮಾನ್ಯವಾಗಿ ತಲೆ ತಗ್ಗಿಸಿಕೊಂಡು ಬರುತ್ತಾರೆ. ವೆಂಡಲ್ ಮತ್ತು ಡಾರ್ಲಾ ಹಾಗೆ ಬರಲಿಲ್ಲ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆಂದು ಕುಂಬಳಕಾಯಿ ಪೈ ಹಿಡಿದುಕೊಂಡು ನಗುನಗುತ್ತಾ ಬಂದರು. ರೇಲಿನ್ ಬೇಯಿಸಿದ ಟರ್ಕಿ ಕೋಳಿಯನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದರು. ತಿಂದ ತಟ್ಟೆಯನ್ನು ಬದಿಗೆ ಸರಿಸಿ, ತಾವು ಕೂತಿದ್ದ ಮನೆಯನ್ನೇ ಕೇಳಿದರು.

ವೆಂಡಲ್ ಎಂದರೆ ರೇಲಿನ್‌ಳ ಗಂಡ ಕೋಯ್‌ನ ಅಣ್ಣ, ಡಾರ್ಲಾ ಅವಳ ವಾರಗಿತ್ತಿ. ಕೇಳಿದ ಮನೆಯೋ, ಗಾಲಿಗಳ ಮೇಲೆ ನಿಂತ ಟ್ರೇಲರ್. ಮೂವತ್ತು ಅಡಿ ಉದ್ದ, ಎಂಟು ಅಡಿ ಅಗಲ, ಅದರೊಳಗೆ ಗಂಡ, ಹೆಂಡತಿ, ಹೆಣ್ಣುಮಕ್ಕಳು ಹನ್ನೆರಡರ ಜೋಸಿ, ಐದರ ರೆನ್. ಕೋಯ್ ಪೈಪ್‌ಲೈನ್ ವೆಲ್ಡರ್. ಎಣ್ಣೆ ಕೊಳವೆ ಎಲ್ಲಿಗೆ ಹೋಗುತ್ತದೋ ಸಂಸಾರ ಅಲ್ಲಿಗೆ. ಆ ವರ್ಷ ನ್ಯೂ ಮೆಕ್ಸಿಕೋದ ಒಣ ಬಯಲಿನಲ್ಲಿ, ಅಂಥದೇ ನಲವತ್ತು ಟ್ರೇಲರ್‌ಗಳು ಸಾಲಾಗಿ ನಿಂತ ಪಾರ್ಕಿನಲ್ಲಿ ಇದ್ದರು. ಅಲ್ಲಿ ಯಾರ ಮನೆಯಲ್ಲಿ ಯಾವ ಹೊತ್ತಿಗೆ ಬೀನ್ಸ್ ಬೇಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ.

ಹದಿನಾಲ್ಕು ತಿಂಗಳ ಹಿಂದೆ ಬಾಡಿಗೆ ಮನೆ ಕೈತಪ್ಪಿ ಅವರು ಬೀದಿಗೆ ಬೀಳುವ ಹಾಗಿದ್ದಾಗ, ತನ್ನ ಹಿತ್ತಲಿನಲ್ಲಿ ನಿಂತಿದ್ದ ಈ ಟ್ರೇಲರನ್ನು ವೆಂಡಲ್ ಕೊಟ್ಟದ್ದು ನಿಜ. "ತಗೊಂಡು ಹೋಗೋ, ಇನ್ನು ಇದು ನಿಂದೇ" ಎಂದು ತಮ್ಮನ ಬೆನ್ನು ತಟ್ಟಿದ್ದ. ಹೆಸರು ಬದಲಾಯಿಸಿ ಕಾಗದ ಕೊಡು ಎಂದು ರೇಲಿನ್ ಕೇಳಿದ್ದಕ್ಕೆ ಕೋಯ್ ಅವಳನ್ನೇ ಗದರಿದ್ದ. ಅಣ್ಣ ತಮ್ಮಂದಿರ ಮಧ್ಯೆ ಕಾಗದ ತರುವವಳು ಎಂಥ ಹೆಂಗಸು ಎಂದು.

ಟ್ರೇಲರಿನೊಂದಿಗೆ ಪಾರ್ಕಿಗೆ ಬಂದು ಒಂಬತ್ತನೆಯ ದಿನ, ರೆನ್‌ಳನ್ನು ಎತ್ತಿಕೊಂಡು ಬಚ್ಚಲಿನಿಂದ ಹೊರಬರುತ್ತಿದ್ದ ರೇಲಿನ್‌ಳ ಬಲಗಾಲು ಮೊಣಕಾಲಿನವರೆಗೆ ನೆಲದೊಳಗೆ ಹೋಯಿತು. ಗುಲಾಬಿ ಹೂವಿನ ಹೊಸ ಪ್ಲಾಸ್ಟಿಕ್ ಹಾಸಿನ ಕೆಳಗೆ ಹಲಗೆ ಎಂಬುದೇ ಇರಲಿಲ್ಲ. ನೀರು ಕುಡಿದು ನೆನೆದ ಬ್ರೆಡ್ಡಿನಂತಾಗಿದ್ದ ಕರೀ ಮುದ್ದೆ ಇತ್ತು. ಮೇಲೆ ಥಳುಕು, ಒಳಗೆ ಹುಳುಕು. ಹಾಸು ಹೊಸದು ಎಂದ ಮೇಲೆ ಮುಚ್ಚಿದವರಿಗೆ ಕೆಳಗೇನಿದೆ ಎಂದು ಗೊತ್ತಿತ್ತು ಎಂದೇ ಅರ್ಥ. ಕಾಲಿಗೆ ಏಳು ಹೊಲಿಗೆ ಹಾಕಿಸಿಕೊಂಡು ಬಂದು ರೇಲಿನ್ ಫೋನ್ ಮಾಡಿದಾಗ ಡಾರ್ಲಾ ನಕ್ಕಳು.

"ದಾನ ಕೊಟ್ಟ ಆಕಳ ಹಲ್ಲು ಹಿಡಿದು ನೋಡ್ತಾರಾ, ರೇಲಿನ್?"

ಹೊಲಿಗೆ ಹತ್ತು ದಿನಕ್ಕೆ ಬಿಚ್ಚಿದರು. ಆ ನಗು ಮಾತ್ರ ಅವಳೊಳಗೆ ಹಾಗೇ ಉಳಿಯಿತು.

ಅಂದಿನಿಂದ ಅವಳು ಟ್ರೇಲರಿಗೆ ಕೈಹಾಕಿದಳು. ಕೋಯ್ ಮೂರು ವಾರ ಕೆಲಸಕ್ಕೆ ಹೋದರೆ ಒಂದು ವಾರ ಮನೆಗೆ. ಅವನಿಲ್ಲದ ವಾರಗಳಲ್ಲಿ ಅವಳು ನೆಲ ಕಿತ್ತಳು, ಅಡ್ಡಪಟ್ಟಿ ಬದಲಿಸಿದಳು, ಪ್ಲೈವುಡ್ ಹೊಡೆದಳು. ಗೋಡೆಯ ತೆಳು ಹಲಗೆ ಬಿಚ್ಚಿ ಚಳಿಗೆ ಫೋಮ್ ತುಂಬಿ ಹೊಸ ಹಲಗೆ ಕೂರಿಸಿದಳು. ಎರಡೇ ಜನ ಕೂರುವ ಊಟದ ಕಟ್ಟೆಯನ್ನು ಕಿತ್ತೊಗೆದು ಗೋಡೆಗೆ ಮಡಚುವ ಮೇಜು ಮಾಡಿದಳು. ಗಾಲಿಯ ಉಬ್ಬಿನ ಮೇಲೆ ಜೋಸಿಗೆ ಓದುವ ಜಾಗ, ಮೆಟ್ಟಿಲಿನೊಳಗೆ ಚಪ್ಪಲಿ ಡ್ರಾಯರು, ತಮ್ಮ ಹಾಸಿಗೆಯನ್ನೇ ಮೇಲೆತ್ತಿದರೆ ಕೆಳಗೆ ಚಳಿಗಾಲದ ಬಟ್ಟೆ. ಒಂದೊಂದು ಹಲಗೆಯನ್ನೂ ತೂಕದ ಯಂತ್ರದ ಮೇಲಿಟ್ಟೇ ಒಳಗೆ ತಂದಳು, ಯಾಕೆಂದರೆ ಭಾರ ಹೆಚ್ಚಾದರೆ ಅಚ್ಚು ಮುರಿಯುತ್ತದೆ, ಹಿಂದುಗಡೆ ಹೆಚ್ಚಾದರೆ ರಸ್ತೆಯಲ್ಲಿ ಟ್ರೇಲರು ಬಾಲ ಬೀಸುತ್ತದೆ. ಕುಲುಕಾಟಕ್ಕೆ ಮೊಳೆ ನಿಲ್ಲುವುದಿಲ್ಲವೆಂದು ಎಲ್ಲಕ್ಕೂ ಸ್ಕ್ರೂ. ಬಾಗಿಲು ಎರಡೇ ಅಡಿ ಅಗಲವಾದ್ದರಿಂದ ಎಲ್ಲವೂ ಅದರಲ್ಲಿ ಹಿಡಿಸುವ ತುಂಡುಗಳು. ಯಾವ ಗೋಡೆ ಬಿಚ್ಚುವಾಗಲೂ ವೈರು ಎಲ್ಲಿದೆ ಎಂದು ಗುರುತಿಗೆ ಮೊದಲು ಫೋಟೋ ತೆಗೆದಿಡುವುದು ಟ್ರೇಲರ್ ಜನರ ಪದ್ಧತಿ. ಹೀಗೆ ಅವಳ ಫೋನಿನಲ್ಲಿ ನಾನೂರು ಫೋಟೋಗಳಾದವು.

ಕೋಯ್ ಮಾಡಿದ್ದು ಒಂದೇ ಒಂದು ವಸ್ತು. ಮಕ್ಕಳಿಗೆ ಎರಡಂತಸ್ತಿನ ಕಬ್ಬಿಣದ ಮಂಚ. ಅದನ್ನೂ ವೆಲ್ಡರು ಮಾಡುವ ಹಾಗೆಯೇ ಮಾಡಿದ. ಕೊಳವೆಗಳನ್ನು ಒಂದೊಂದಾಗಿ ಒಳಗೆ ತಂದು, ಅಲ್ಲೇ ನೆಲದ ಚೌಕಟ್ಟಿಗೆ ಸೇರಿಸಿ, ಒಂದೇ ತುಂಡಾಗಿ ಬೆಸೆದುಬಿಟ್ಟ. ಮುಗಿದ ಮೇಲೆ ಪಾರ್ಕಿನವರು ಬಂದು ನೋಡಿ, "ಇದನ್ನ ಮಾರೋದಾದ್ರೆ ಮನೆ ಸಮೇತ ಮಾರ್ಬೇಕು ಕಣೋ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಲಿನ ಹಾಸಿಗೆ ಜೋಸಿಯದು. ಡಾರ್ಲಾ ಅದಕ್ಕೆ ಕೈಯಲ್ಲಿ ಹೊಲಿದ ಹಳದಿ ಪರದೆ ಕಳಿಸಿದ್ದಳು. ಮಕ್ಕಳಿಲ್ಲದ ಡಾರ್ಲಾಗೆ ಜೋಸಿ ಎಂದರೆ ಜೀವ. ಪ್ರತಿ ಭಾನುವಾರ ಫೋನು, ಹುಟ್ಟುಹಬ್ಬಕ್ಕೆ ತಪ್ಪದೆ ಪೊಟ್ಟಣ. ರೇಲಿನ್ ಎಷ್ಟು ಸಿಟ್ಟಿನಲ್ಲಿದ್ದರೂ ಅದನ್ನು ತಡೆದಿರಲಿಲ್ಲ.

ಈಗ ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದಿತ್ತು. ವೆಂಡಲ್ ಹಲ್ಲುಕಡ್ಡಿ ಆಡಿಸುತ್ತಾ ಹೇಳಿದ, ತಾನು ನಿವೃತ್ತನಾದೆ, ಇನ್ನು ಡಾರ್ಲಾಳೊಂದಿಗೆ ದೇಶ ಸುತ್ತಬೇಕು, ಟ್ರೇಲರು ಕೊಟ್ಟದ್ದಲ್ಲ, ಇರಲಿಕ್ಕೆ ಬಿಟ್ಟದ್ದು, ಕಾಗದ ಇವತ್ತಿಗೂ ತನ್ನ ಹೆಸರಿನಲ್ಲೇ ಇದೆ. ಮೂರು ವಾರ ಸಮಯ ಸಾಕಲ್ಲ? ಡಾರ್ಲಾ ಗೋಡೆಯ ಹಲಗೆಯನ್ನು ಸವರುತ್ತಾ, ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀಯ ಎಂದು ಹೊಗಳಿದಳು. ಕೋಯ್ ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಫೋರ್ಕಿನಿಂದ ತಿವಿಯುತ್ತಾ ಕೂತ. ಅಣ್ಣನ ಎದುರು ಅವನಿಗೆ ಬಾಯಿ ಬಂದದ್ದೇ ಇಲ್ಲ.

ರೇಲಿನ್ ಕೂಗಾಡುತ್ತಾಳೆಂದು ಎಲ್ಲರೂ ಕಾದರು. ಅವಳು ಎದ್ದು ಎಲ್ಲರಿಗೂ ಕಾಫಿ ಬಗ್ಗಿಸಿದಳು.

"ತಗೊಂಡು ಹೋಗಿ, ಅದಕ್ಕೇನು" ಎಂದಳು.

ಅವಳು ಇಷ್ಟು ಬೇಗ ಒಪ್ಪಿದ್ದು ಡಾರ್ಲಾಗೆ ಸರಿಬರಲಿಲ್ಲ. ಹೋಗುವಾಗ ಹೊಟ್ಟೆಕಿಚ್ಚಿಗೆ ಏನಾದರೂ ಒಡೆದುಹಾಕಿದರೆ ಎಂಬ ಅನುಮಾನ. ಕೈಚೀಲದಿಂದ ಪೆನ್ನು ತೆಗೆದು, ಪೈ ಸುತ್ತಿ ತಂದ ಕಾಗದದ ಹಿಂಬದಿಯಲ್ಲಿ ತಾನೇ ಬರೆದಳು: ಟ್ರೇಲರನ್ನು ಕೊಟ್ಟ ಹಾಗೆಯೇ ಹಿಂತಿರುಗಿಸತಕ್ಕದ್ದು, ಕೊಟ್ಟಾಗ ಇದ್ದ ಯಾವುದೂ ಕಳೆದಿರಬಾರದು. ವೆಂಡಲ್ ರುಜು ಹಾಕಿದ. ರೇಲಿನ್ ಎರಡು ಸಲ ಓದಿ, ತನ್ನ ರುಜುವನ್ನೂ ಹಾಕಿ, ಅದರ ಫೋಟೋ ತೆಗೆದುಕೊಂಡಳು. ಅದು ನಾನೂರ ಒಂದನೆಯದು.

ಅವರ ಗಾಡಿ ಗೇಟು ದಾಟಿದ ಮೇಲೆ ಅವಳು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು. ಕೋಯ್ ಆಗ ಬಾಯಿ ಬಿಟ್ಟ. ಅಣ್ಣನ ಮೇಲೆ ಹೀಗೆ ಹಟ ಸಾಧಿಸುವುದು ಬೇಡ, ಬೇರೆ ಎಲ್ಲಾದರೂ ನೋಡೋಣ ಎಂದ. ಬೇರೆ ಎಲ್ಲಿ ಎಂದು ಅವಳು ಕೇಳಿದಳು.

ಉತ್ತರ ಪಕ್ಕದ ಸಾಲಿನಲ್ಲಿತ್ತು. ಮುದುಕ ಓರ್ವಿಲ್ ಕೂಡ ಹಿಂದೆ ಪೈಪ್‌ಲೈನಿನಲ್ಲಿದ್ದವನೇ. ಅವನ ಹಳೆಯ ಟ್ರೇಲರೊಂದು ಒಳಗೆ ಒಲೆಯ ಬೆಂಕಿಗೆ ಸುಟ್ಟು ಬರೀ ಚಿಪ್ಪಾಗಿ ನಿಂತಿತ್ತು. ಚೌಕಟ್ಟು ಅಲ್ಯೂಮಿನಿಯಂ, ಅದಕ್ಕೇನೂ ಆಗಿರಲಿಲ್ಲ. ರೇಲಿನ್ ಟೇಪು ಹಿಡಿದು ಹೋಗಿ ಅಳೆದಳು. ಎಂಟೇ ಅಡಿ ಅಗಲ, ಎರಡೇ ಅಡಿಯ ಬಾಗಿಲು. ಮುದುಕ ಕಥೆ ಕೇಳಿ ನೆಲಕ್ಕೆ ಉಗುಳಿದ. ಕೊಡುತ್ತೇನೆ ಎಂದು ಹೇಳುವ ಮುಂಚೆಯೇ ಅವಳನ್ನು ಗಾಡಿಗೆ ಹತ್ತಿಸಿಕೊಂಡು ನೋಂದಣಿ ಕಚೇರಿಗೆ ಹೋಗಿ ಅವಳ ಹೆಸರಿಗೆ ಬರೆಸಿದ.

"ಬಾಯಲ್ಲಿ ಕೊಟ್ಟಿದ್ದು ಬಾಯಲ್ಲೇ ಹೋಗತ್ತೆ ಮಗಳೇ" ಎಂದ ದಾರಿಯಲ್ಲಿ. "ನನಗೆ ಈ ವಯಸ್ಸಲ್ಲಿ ಬೇರೆ ಮನರಂಜನೆ ಇಲ್ಲ. ಅವರು ಬರೋ ದಿನ ನನ್ನ ಕುರ್ಚಿ ಮಾತ್ರ ಮುಂದಿನ ಸಾಲಲ್ಲಿ ಹಾಕ್ಸು."

ಮೂರು ವಾರ ಅವಳು ಹಿಮ್ಮುಖವಾಗಿ ಕೆಲಸ ಮಾಡಿದಳು. ಕೊನೆಯ ಫೋಟೋದಿಂದ ಮೊದಲಿನ ಫೋಟೋವರೆಗೆ. ಮಡಚುವ ಮೇಜು ಬಿಚ್ಚಿ ಓರ್ವಿಲ್‌ನ ಚಿಪ್ಪಿಗೆ ಹೋಯಿತು, ಓದುವ ಕಟ್ಟೆ ಹೋಯಿತು, ಡ್ರಾಯರು, ಫೋಮು, ಗೋಡೆಯ ಹಲಗೆ, ನೆಲದ ಪ್ಲೈವುಡ್ಡು, ಕೊನೆಗೆ ಸ್ಕ್ರೂಗಳು ಕೂಡ ಕಾಫಿ ಡಬ್ಬದಲ್ಲಿ ತುಂಬಿಕೊಂಡು ಹೋದವು. ಹಿಂದೆ ಕಿತ್ತೊಗೆದ ಊಟದ ಕಟ್ಟೆ ಪಾರ್ಕಿನ ಬಟ್ಟೆ ಒಗೆಯುವ ಕೋಣೆಯ ಹಿಂದೆ ಬಿದ್ದಿತ್ತು, ಅದರೊಳಗೆ ಯಾರದೋ ಕೋಳಿಗಳು ಸಂಸಾರ ಹೂಡಿದ್ದವು. ಕೋಳಿಗಳನ್ನು ಓಡಿಸಿ, ಹಿಕ್ಕೆ ಸಮೇತ ಅದನ್ನು ತಂದು ಫೋಟೋದಲ್ಲಿದ್ದ ಜಾಗದಲ್ಲೇ ಕೂರಿಸಿದಳು. ಗುಲಾಬಿ ಹೂವಿನ ಹಾಸನ್ನು ಓರ್ವಿಲ್ ಸೌದೆ ಮುಚ್ಚಲು ಇಟ್ಟುಕೊಂಡಿದ್ದ, ಅದೂ ಸುರುಳಿಯಾಗಿ ಮೂಲೆಗೆ ಬಂತು, ಹಳೆಯ ತೆಳು ಹಲಗೆಗಳೂ ಗೋಡೆಗೆ ಮರಳಿದವು. ನೆಲದಲ್ಲಿ ತನ್ನ ಕಾಲು ಹೋದ ಜಾಗ ಮತ್ತೆ ಬಾಯ್ದೆರೆದು ಕೂತಾಗ ಅವಳಿಗೆ ಆದ ತೃಪ್ತಿಯನ್ನು ಮುಚ್ಚಿಡುವುದು ಬೇಡ. ಹದಿನಾಲ್ಕು ತಿಂಗಳಲ್ಲಿ ಕಟ್ಟುವಾಗಲೂ ಅವಳು ಅಷ್ಟು ಖುಷಿಯಾಗಿ ಹಾಡಿಕೊಂಡಿರಲಿಲ್ಲ.

ಉಳಿದದ್ದು ಮಂಚ. ಕೋಯ್ ಅದರ ಎದುರು ನಿಂತುಬಿಟ್ಟ. ಇದೊಂದನ್ನು ಬಿಟ್ಟುಬಿಡು ಎಂದ. ಹೊಸ ಮನೆಯಲ್ಲಿ ಇದಕ್ಕಿಂತ ಚೆನ್ನಾಗಿರುವುದನ್ನು ಎರಡು ದಿನದಲ್ಲಿ ಮಾಡಿಕೊಡುತ್ತೇನೆ, ನನ್ನ ಅಣ್ಣನಿಗೆ ನನ್ನ ಕೈಯದು ಒಂದಾದರೂ ಇರಲಿ ಎಂದ. ಮದುವೆಯಾಗಿ ಹದಿನೈದು ವರ್ಷದಲ್ಲಿ ಅವನು ಅವಳನ್ನು ಹಾಗೆ ಬೇಡಿದ್ದು ಅದೇ ಮೊದಲು.

"ಅವರಿಗೆ ಸಿಗಬಾರದು" ಎಂದಳು ರೇಲಿನ್. "ಒಂದು ಸ್ಕ್ರೂನೂ ಸಿಗಬಾರದು. ಡಾರ್ಲಾ ನಕ್ಕಿದ್ದು ನಿನಗೆ ಕೇಳಿಸಿಲ್ಲ, ನನಗೆ ಕೇಳಿಸಿದೆ."

ಕೋಯ್ ಹೊರಗೆ ಹೋದ. ಕಬ್ಬಿಣ ಕೊಯ್ಯುವ ಅವನ ಗ್ರೈಂಡರನ್ನು ಅವಳೇ ಹಿಡಿದಳು. ಮಂಚದ ಮೂರು ಕಾಲು ಕೊಯ್ದು ಯಂತ್ರ ನಿಲ್ಲಿಸಿದಳು. ತಿರುಗಿ ನೋಡಿದರೆ ಜೋಸಿ ಅಪ್ಪ ಕೆಲಸಕ್ಕೆ ಹಾಕುವ ಕಿಡಿ ತಡೆಯುವ ಕನ್ನಡಕ, ಅಪ್ಪನ ಚರ್ಮದ ಕೈಗವಸು ಹಾಕಿಕೊಂಡು ನಿಂತಿದ್ದಳು. ಹಳದಿ ಪರದೆಯನ್ನು ಆಗಲೇ ತಾನೇ ಮಡಚಿ ಕಸದ ಚೀಲಕ್ಕೆ ಹಾಕಿದ್ದಳು. ಕೊನೆಯ ಕಾಲು ತನಗೆ ಬಿಡು ಎಂದು ಕೈ ಚಾಚಿದಳು. ಬೇಡವೆನ್ನಬೇಕೆಂದು ರೇಲಿನ್‌ಗೆ ಹೊಳೆಯಲೂ ಇಲ್ಲ. ಮಗಳು ಅಳುತ್ತಿಲ್ಲವಲ್ಲ, ಗಟ್ಟಿಗಿತ್ತಿ, ಎಂದುಕೊಂಡು ಗ್ರೈಂಡರ್ ಕೊಟ್ಟು, ಹಿಂದಿನಿಂದ ಅವಳ ಮೊಣಕೈ ಹಿಡಿದು ನಿಂತಳು. ಕಿಡಿ ಹಾರಿತು, ಕಾಲು ತುಂಡಾಯಿತು.

ಅವರು ಶನಿವಾರ ಬೆಳಿಗ್ಗೆ ಬಂದರು. ಓರ್ವಿಲ್‌ನ ಕುರ್ಚಿ ಮುಂದಿನ ಸಾಲಿನಲ್ಲಿತ್ತು. ಪಾರ್ಕಿನ ಅರ್ಧ ಜನ ಏನೋ ಕೆಲಸದ ನೆವದಲ್ಲಿ ಹೊರಗಿದ್ದರು. ವೆಂಡಲ್ ಬಾಗಿಲು ತೆಗೆದು ಒಂದು ಹೆಜ್ಜೆ ಇಟ್ಟು ನಿಂತ. ಕೋಳಿ ಹಿಕ್ಕೆಯ ವಾಸನೆಗೆ ಮೂಗು ಮುಚ್ಚಿಕೊಂಡ. ಆಮೇಲೆ ಅವನು ಬೈದದ್ದನ್ನೆಲ್ಲ ಬರೆಯುವ ಅಗತ್ಯವಿಲ್ಲ. ಕಳ್ಳಿ ಎಂದ, ಪೊಲೀಸು ಎಂದ, ಕೋರ್ಟು ಎಂದ. ರೇಲಿನ್ ಮೆಟ್ಟಿಲ ಬಳಿ ನಿಂತು, ಡಾರ್ಲಾಳ ಅಕ್ಷರದಲ್ಲಿದ್ದ ಕಾಗದವನ್ನು ಫೋನಿನ ಫೋಟೋ ನೋಡಿ ಎಲ್ಲರಿಗೂ ಕೇಳಿಸುವ ಹಾಗೆ ಓದಿದಳು.

"ಕೊಟ್ಟ ಹಾಗೇ ಇದೆ ಭಾವ" ಎಂದಳು. "ಬೇಕಾದ್ರೆ ಫೋಟೋ ತೋರಿಸ್ತೀನಿ, ಹೋಲಿಸಿ ನೋಡಿ. ಬಚ್ಚಲ ಹತ್ರ ಮಾತ್ರ ಹುಷಾರು. ಅಲ್ಲಿ ನನ್ನ ಕಾಲು ಹೋಗಿತ್ತು."

ಓರ್ವಿಲ್ ಕುರ್ಚಿಯಲ್ಲೇ ಚಪ್ಪಾಳೆ ತಟ್ಟಿದ. ಯಾರೋ ಕಿಸಕ್ಕೆಂದರು. ವೆಂಡಲ್‌ನ ಕಿವಿ ಕೆಂಪಾಯಿತು. ಇದೇ ಕ್ಷಣಕ್ಕಾಗಿ ರೇಲಿನ್ ಮೂರು ವಾರ ಬದುಕಿದ್ದಳು, ಹೊಟ್ಟೆ ತಣ್ಣಗಾಯಿತು.

ಡಾರ್ಲಾ ಮಾತ್ರ ಬೈಯಲಿಲ್ಲ. ಗಂಡನನ್ನು ಬದಿಗೆ ಸರಿಸಿ, ಅಡ್ಡಪಟ್ಟಿಗಳ ಮೇಲೆ ಕಾಲಿಡುತ್ತಾ ಟ್ರೇಲರಿನ ಹಿಂದಿನ ತುದಿಗೆ ಹೋದಳು. ಅಲ್ಲಿ ಕಬ್ಬಿಣದ ನಾಲ್ಕು ಮೋಟುಗಳಿದ್ದವು. ಬಗ್ಗಿ ಒಂದನ್ನು ಕೈಯಿಂದ ಸವರಿದಳು. ತಿರುಗಿದಾಗ ಮುಖ ಬಿಳಿಚಿತ್ತು.

"ಮಂಚ ತೆಗೆಯಕ್ಕಾಗಲ್ಲ ಅಂದಿದ್ನಲ್ಲ ಕೋಯ್" ಎಂದಳು. "ಅದಕ್ಕೇ ನಾನು ಇದೇ ಟ್ರೇಲರ್ ಬೇಕು ಅಂತ ವೆಂಡಲ್ ಹತ್ರ ಹಟ ಹಿಡಿದಿದ್ದು. ಬೇಸಿಗೆ ರಜಕ್ಕೆ ಜೋಸಿನ ಕಳಿಸು ಅಂತ ಕೇಳೋಣ ಅಂತಿದ್ದೆ. ಅವಳ ಜಾಗದಲ್ಲೇ ಮಲಗ್ತಾಳೆ, ಅವಳಿಗೆ ಹೊಸದು ಅನ್ಸಲ್ಲ ಅಂತ."

ನಾಲ್ಕು ಜನರ ಸೂರು ಕಿತ್ತುಕೊಳ್ಳಲು ಬಂದವಳ ಲೆಕ್ಕಾಚಾರ ಅದು. ಹುಚ್ಚು ಹೆಂಗಸು ಎಂದು ರೇಲಿನ್ ಮನಸ್ಸಿನಲ್ಲೇ ಬೈದಳು. ಆದರೂ ಮೊದಲೇ ಸಿದ್ಧಮಾಡಿಟ್ಟುಕೊಂಡಿದ್ದ ಮಾತು ಬಾಯಿಗೆ ಬರಲಿಲ್ಲ. ಬಂದದ್ದು ಬೆನ್ನ ಹಿಂದಿನಿಂದ, ಜೋಸಿಯ ದನಿಯಲ್ಲಿ.

"ಅದನ್ನ ನಾನೇ ಕೊಯ್ದೆ, ಆಂಟಿ."

ಡಾರ್ಲಾ ಅವಳನ್ನೇ ನೋಡಿದಳು. "ಯಾಕೆ ಕಂದಾ?"

"ನಿಮಗೆ ಸಿಗಬಾರದು ಅಂತ."

ಮಾತೂ ತಾಯಿಯದೇ, ಏರಿಳಿತವೂ ತಾಯಿಯದೇ. ಕೋಯ್ ತಲೆಯೆತ್ತಿ ಹೆಂಡತಿಯ ಕಡೆ ನೋಡಿದ, ಮತ್ತೆ ನೆಲ ನೋಡಿದ. ಡಾರ್ಲಾ ಇಳಿದು ಗಾಡಿಯಲ್ಲಿ ಕೂತು ಬಾಗಿಲು ಹಾಕಿಕೊಂಡಳು. ವೆಂಡಲ್ ಒಬ್ಬನೇ ಟ್ರೇಲರನ್ನು ಕೊಂಡಿಗೆ ಸಿಕ್ಕಿಸಿ, ಯಾರನ್ನೂ ನೋಡದೆ ಎಳೆದುಕೊಂಡು ಹೋದ.

ಆ ಮಧ್ಯಾಹ್ನ ತಾಯಿ ಮಗಳು ಓರ್ವಿಲ್‌ನ ಚಿಪ್ಪಿನೊಳಗೆ ನೆಲದ ಹಲಗೆ ಕೂರಿಸುತ್ತಿದ್ದರು. ಈ ಸಲ ಕಾಗದ ರೇಲಿನ್‌ಳ ಹೆಸರಿನಲ್ಲಿತ್ತು, ಯಾರೂ ಎಬ್ಬಿಸುವಂತಿಲ್ಲ. ಜೋಸಿ ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಿ ಕೇಳಿದಳು.

"ಅಮ್ಮಾ, ಆಂಟಿ ಗಾಡಿಯಲ್ಲಿ ಅತ್ರಾ? ನಾನು ನಿನ್ನ ಹಿಂದೆ ಇದ್ದೆ, ನನಗೆ ಕಾಣ್ಲಿಲ್ಲ."

ರೇಲಿನ್‌ಗೆ ಇಲ್ಲವೆಂದು ಸುಳ್ಳು ಹೇಳಬೇಕೆನಿಸಿತು, ಹೇಳಲಿಲ್ಲ. "ಅತ್ತರು" ಎಂದಳು.

"ಒಳ್ಳೇದಾಯ್ತು" ಎಂದಳು ಜೋಸಿ. "ಇನ್ನು ಭಾನುವಾರ ಫೋನ್ ಬಂದ್ರೆ ಎತ್ತಬೇಡ ಅಂತ ರೆನ್‌ಗೂ ಹೇಳಿಕೊಟ್ಟಿದ್ದೀನಿ."

ಹಾಗನ್ನಬಾರದು ಎಂದು ಹೇಳಲು ರೇಲಿನ್ ಬಾಯಿ ತೆರೆದಳು. ಜೋಸಿ ಮುಂದಿನ ಸ್ಕ್ರೂಗೆ ಕೈ ಚಾಚಿದಳು, ರೇಲಿನ್ ಡಬ್ಬದಿಂದ ಒಂದನ್ನು ತೆಗೆದು ಕೊಟ್ಟಳು.