ಹ್ಯಾಮಿಲ್ಕಾರ್ ಸಾಯಲೇಬೇಕಂತೆ

ನಮ್ಮ ಬಾಗಲೂರಿನವರು ವರ್ಷಾ ವರ್ಷಾ ಆಡುವುದು ಕುರುಕ್ಷೇತ್ರ ನಾಟಕವನ್ನೇ. ನೋಡಿ ನೋಡಿ ನನಗೆ ಸಾಕಾಗಿತ್ತು. ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ನಿವೃತ್ತನಾದ ಮೇಲೆ ಕೂತು ಹೊಸ ನಾಟಕ ಬರೆದೆ. ಸಿಸಿಲಿ ಎಂಬ ದ್ವೀಪಕ್ಕಾಗಿ ರೋಮ್ ಮತ್ತು ಕಾರ್ತೇಜ್ ಇಪ್ಪತ್ತಮೂರು ವರ್ಷ ಬಡಿದಾಡಿದ ಕಥೆ. ಬದುಕಿರುವಾಗ ಒಮ್ಮೆ ಅದನ್ನು ರಂಗದ ಮೇಲೆ ನೋಡಬೇಕೆಂಬುದೊಂದೇ ನನ್ನ ಆಸೆ. ಯುಗಾದಿಗೆ ಆಡೋಣವೆಂದು ಊರವರು ಒಪ್ಪಿದ್ದೇ ದೊಡ್ಡದು.

ಕಾರ್ತೇಜಿನ ಸೇನಾಪತಿ ಹ್ಯಾಮಿಲ್ಕಾರ್ ಆಗಿ ಮುನಿಯಣ್ಣ. ರೋಮಿನ ದಳಪತಿಯಾಗಿ ಅವನ ದಾಯಾದಿ ನಂದಕುಮಾರ್. ಇಬ್ಬರಿಗೂ ಮಾತುಕತೆ ನಿಂತು ಎಷ್ಟೋ ಕಾಲವಾಗಿತ್ತು. ಆ ದ್ವೀಪವೇ ಹೆಣ್ಣಾಗಿ ಬಂದ ಸಿಸಿಲಿ ದೇವಿಯಾಗಿ ಅಬ್ಬಿಗೆರೆಯ ರಾಧಾಮಣಿ, ಊರೂರಿನ ನಾಟಕಗಳಲ್ಲಿ ದ್ರೌಪದಿಯಾಗಿ ಹಣ್ಣಾದವಳು. ಇಲ್ಲಿ ಅವಳಿಗೆ ಮಾತಿಲ್ಲ, ಹಾಡಿಲ್ಲ. ಇಬ್ಬರ ನಡುವೆ ನಿಂತಿರಬೇಕು, ಅಷ್ಟೇ.

ಶಾಲೆಯ ಜಗಲಿಯಲ್ಲಿ ಕೊನೆಯ ದೃಶ್ಯದ ತಾಲೀಮು. ಹ್ಯಾಮಿಲ್ಕಾರ್ ದ್ವೀಪ ಬಿಟ್ಟುಕೊಟ್ಟು ಹಡಗು ಹತ್ತಬೇಕು. ಮುನಿಯಣ್ಣ ಕತ್ತಿ ಕೆಳಗಿಟ್ಟು ಕೂತುಬಿಟ್ಟ.

"ಇದಾಗಲ್ಲ ಮೇಷ್ಟ್ರೇ. ದುರ್ಯೋಧನ ಸೋತ್ರೂ ಸಾಯ್ತಾನೆ, ಮರ್ವಾದೆ ಉಳೀತದೆ. ಇವ್ನು ಬಿಟ್ಕೊಟ್ಟು ಮನೆಗೋಯ್ತಾನಲ್ಲ! ನಮ್ಮೋರೆಲ್ಲ ಮುಂದೆ ಕೂತಿರ್ತಾರೆ, ಎಂಗ್ ಮುಖ ತೋರ್ಸಲಿ?"

"ನಡೆದದ್ದೇ ಹಾಗೆ ಕಣಯ್ಯ. ಬೆಟ್ಟದ ಮೇಲೆ ಅವನನ್ನ ಯಾರೂ ಸೋಲಿಸ್ಲಿಲ್ಲ. ಕಡಲಲ್ಲಿ ಕಾರ್ತೇಜಿನ ಹಡಗುಗಳು ಮುಳುಗಿದ್ವು, ಸಾಕು ಅಂತ ಊರಿಂದ ಹೇಳಿ ಕಳಿಸಿದ್ರು. ಸಾಕು ಅಂತ ಬಂದ."

ನಾನು ನಾಟಕ ಬರೆದದ್ದೇ ಆ ಒಂದು ಗಳಿಗೆಗಾಗಿ. ಸಾಕು ಎಂದು ಎದ್ದು ಬಂದ ಮನುಷ್ಯನನ್ನು ಈ ಊರು ಒಮ್ಮೆಯಾದರೂ ನೋಡಲಿ ಎಂದಿದ್ದೆ. ಅದನ್ನು ಹೇಳಲು ಬಾಯಿ ತೆರೆದೆ, ತಲೆಯ ಮೇಲೆ ವಿಮಾನ ಹೋಯಿತು. ಏರ್‌ಪೋರ್ಟ್ ಬಂದ ಮೇಲೆ ನಮ್ಮೂರಲ್ಲಿ ಯಾರೂ ಮಾತು ಮುಗಿಸುವ ಹಾಗಿಲ್ಲ.

"ಸಾಯಿಸಿ. ಇಲ್ಲಾಂದ್ರೆ ಕುರುಕ್ಷೇತ್ರನೇ ಆಡ್ತೀವಿ," ಎಂದ ಮುನಿಯಣ್ಣ.

"ನಾನೇ ಒಡೀತೀನಿ ಬಿಡಣ್ಣ, ತೊಡೆಗೇ ಒಡೀತೀನಿ," ಎಂದ ನಂದಕುಮಾರ್. ದಾಯಾದಿಗಳು ಒಂದಾದದ್ದು ಈ ಒಂದು ಮಾತಿಗೆ!

ಮೈಯೆಲ್ಲ ಉರಿಯಿತು. ಆದರೆ ಜಗಳ ಕಾಯುವಷ್ಟು ತ್ರಾಣ ನನ್ನಲ್ಲಿ ಉಳಿದಿರಲಿಲ್ಲ. "ಸಾಯಿ ಹೋಗು," ಎಂದೆ.

ಹಾರ್ಮೋನಿಯಂ ತಕ್ಷಣ ದುರ್ಯೋಧನನ ಸಾವಿನ ಹಾಡು ಹಿಡಿಯಿತು. ಮುನಿಯಣ್ಣ ಖುಷಿಯಿಂದ ತೊಡೆ ಹಿಡಿದು ಬಿದ್ದ.

"ಮೇಷ್ಟ್ರೇ, ಇವ್ರು ಸಾಯೋವಾಗ ನಾನೇನ್ ಮಾಡ್ಲಿ?" ಎಂದಳು ರಾಧಾಮಣಿ.

"ನಿಂತಿರಮ್ಮ."

"ಯಾರು ಗೆದ್ರೂ ನಂಗದೇ ಪಾರ್ಟು, ಬಿಡಿ," ಎಂದು ಅವಳು ನೋಯುತ್ತಿದ್ದ ಕಾಲು ಬದಲಿಸಿ ನಿಂತಳು.