ಕಾವಲಪ್ಪನ ಏಳನೇ ಭಾಗ

ಸತ್ತವರನ್ನು ಎಬ್ಬಿಸುವ ಮೊದಲು ಅವರ ಮನೆಯವರನ್ನು ಒಂದು ಮಾತು ಕೇಳಬೇಕು. ಸಿನಿಮಾದವರಿಗೆ ಇಷ್ಟೂ ಗೊತ್ತಿಲ್ಲ. ಅವರು ಕಾವಲಪ್ಪನನ್ನು ಎಬ್ಬಿಸಿದರು, ಹೊಸೂರಿನ ಗೋಡೆಗಳಿಗೆಲ್ಲ ಪೋಸ್ಟರ್ ಅಂಟಿಸಿದರು, ಎಲ್ಲ ಮುಗಿದ ಮೇಲೆ ಬಂದು ಹಾಲು ಹುಯ್ಯಿರಿ ಎಂದು ನಮ್ಮ ಮನೆಯ ಬಾಗಿಲು ತಟ್ಟಿದರು.

ಕಾವಲಪ್ಪ ಮನುಷ್ಯನಲ್ಲ, ಯಂತ್ರ. ‘ಬೂದಿ ನಗರ’ ಎಂಬ ಇಂಗ್ಲಿಷ್ ಸಿನಿಮಾ ಸರಣಿಯಲ್ಲಿ ಲೋಕವೆಲ್ಲ ಸುಟ್ಟುಹೋಗಿ ಒಂದೇ ಒಂದು ಊರು ಉಳಿದಿರುತ್ತದೆ. ಅದರ ಹೆಬ್ಬಾಗಿಲು ಕಾಯುವ ಕಬ್ಬಿಣದ ಆಳು ಅವನು. ಸಿನಿಮಾದಲ್ಲಿ ಅವನಿಗೆ ಹೆಸರಿಲ್ಲ, ಬರೀ ಒಂದು ನಂಬರು. ಕಾವಲಪ್ಪ ಎಂದು ಹೆಸರಿಟ್ಟವನು ನಮ್ಮಪ್ಪ ನರಸಿಂಹಪ್ಪ. ನಮ್ಮೂರು ಜವಳಗಿರಿ ಕಾಡಿನ ಅಂಚಿನಲ್ಲಿದೆ. ರಾಗಿ ತೆನೆ ಕಟ್ಟಿತೆಂದರೆ ಮನೆಗೊಬ್ಬರು ಆನೆ ಕಾಯಲು ಹೋಗಲೇಬೇಕು. ಪರದೆಯ ಮೇಲೆ ಒಬ್ಬ ಹಗಲೂ ರಾತ್ರಿ ಕಾವಲು ನಿಂತದ್ದನ್ನು ಕಂಡು ಅಪ್ಪನಿಗೆ ಇವನು ನಮ್ಮವನೇ ಅನ್ನಿಸಿತಂತೆ. ತಮಿಳು ಡಬ್ಬಿಂಗಿನಲ್ಲಿ ಮೂರು ಭಾಗಗಳನ್ನು ನೋಡಿ ಬಂದು ಊರಲ್ಲಿ ಒಂದು ಅಭಿಮಾನಿ ಸಂಘ ಕಟ್ಟಿದ. ಮನೆಮಾತು ಕನ್ನಡವಾದರೂ ನಮ್ಮ ಕಡೆ ಓದುಬರಹ ತಮಿಳಿನದು, ತಾನೇ ತಮಿಳಿನಲ್ಲಿ ಬೋರ್ಡು ಬರೆದು ಬೇವಿನ ಮರಕ್ಕೆ ಹೊಡೆದ.

ನಾಲ್ಕನೇ ಭಾಗ ಬರುವ ಮೊದಲೇ ಅಪ್ಪ ಹೋಗಿಬಿಟ್ಟ.

ಆಗ ನನಗೆ ಹನ್ನೊಂದು ವರ್ಷ. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅಪ್ಪನ ತಾಯಿ ದೊಡ್ಡಮುನಿಯಮ್ಮ. ಒಂದು ಸಂಜೆ ಕಣದಲ್ಲಿ ರಾಗಿ ಬಡಿಯುತ್ತಿದ್ದೆವು, ಒಂಟಿ ಸಲಗ ಬಂತು. ಅಪ್ಪ ತಗಡಿನ ಡಬ್ಬ ಬಡಿಯುತ್ತಾ ಅದರ ಎದುರಿಗೆ ನಿಂತ. ಅಜ್ಜಿ ನನ್ನ ಕೈ ಹಿಡಿದು ಓಡಿದಳು. ಡಬ್ಬದ ಸದ್ದು ಕೇಳುವಷ್ಟು ಹೊತ್ತೂ ಓಡಿದೆವು. ಆಮೇಲೆ ಸದ್ದು ನಿಂತಿತು.

ಮೂರನೇ ದಿನ ಅಪ್ಪನನ್ನು ಹೂತ ಗುಡ್ಡೆಯ ಮೇಲೆ ಹಾಲುತುಪ್ಪ ಬಿಟ್ಟೆವು. ಹೋದವನ ಬಾಯಿ ತಂಪಾಗಲಿ, ಮತ್ತೆ ಎದ್ದು ಬರುವ ಆಸೆ ಬಿಟ್ಟು ಸಮಾಧಾನವಾಗಿ ಹೋಗಲಿ ಎಂದು ನಮ್ಮಲ್ಲಿ ಹಾಗೆ ಬಿಡುತ್ತಾರೆ. ಬಿಟ್ಟವರು ತಿರುಗಿ ನೋಡದೆ ಮನೆಗೆ ಬರಬೇಕು. ನಾನು ತಿರುಗಿ ನೋಡಿದ್ದೆ. ಅದನ್ನು ಯಾರಿಗೂ ಹೇಳಲಿಲ್ಲ.

ಮೂರು ತಿಂಗಳಾದ ಮೇಲೆ ‘ಬೂದಿ ನಗರ’ದ ನಾಲ್ಕನೇ ಭಾಗ ಡೆಂಕಣಿಕೋಟೆಗೆ ಬಂತು. ಅಣ್ಣ ಕಾದಿದ್ದ ಸಿನಿಮಾ ಎಂದು ಚಿಕ್ಕಪ್ಪ ರಾಮಕೃಷ್ಣಪ್ಪ ನಮ್ಮನ್ನೆಲ್ಲ ಕರೆದುಕೊಂಡು ಹೋದ. ಅದರಲ್ಲಿ ಕಾವಲಪ್ಪ ಹೆಬ್ಬಾಗಿಲನ್ನು ಒಬ್ಬನೇ ತಡೆದು ನಿಲ್ಲುತ್ತಾನೆ. ಒಂದು ಪುಟ್ಟ ಹುಡುಗಿ ಮುದುಕಿಯ ಕೈ ಹಿಡಿದು ಹಿಂಬಾಗಿಲಿಂದ ಓಡುತ್ತಾಳೆ. ಅವನು ಅಲ್ಲೇ ಸುಟ್ಟು ಕರಗುತ್ತಾನೆ. ಮಗ ಸತ್ತಾಗ ಒಂದು ಹನಿ ಕಣ್ಣೀರು ಹಾಕದ ನಮ್ಮಜ್ಜಿ ಆವತ್ತು ಅತ್ತಳು. ಗೇಟಿನವನು ಟಾರ್ಚು ಹಿಡಿದು ಬಂದು ಏನಾಯಿತಮ್ಮಾ ಎಂದು ಕೇಳುವಷ್ಟು ಅತ್ತಳು. ಮನೆಗೆ ಬಂದವಳು, “ಅವನ್ಗೂ ತಿಥಿ ಮಾಡ್ಬೇಕು ಕಣ್ಲಾ ರಾಮಕೃಷ್ಣ. ಕಾವ್ಲಿದ್ದು ಸತ್ತೋನು. ಅವನ್ಗೆ ಯಾರವ್ರೆ?” ಎಂದಳು.

ಚಿಕ್ಕಪ್ಪ ಮೂರು ತಿಂಗಳಲ್ಲಿ ಎರಡನೇ ಸಲ ತಲೆ ಬೋಳಿಸಿಕೊಂಡ. ಹೆಣವಿಲ್ಲ, ಗುಡ್ಡೆಯಿಲ್ಲ, ಹಾಲುತುಪ್ಪ ಎಲ್ಲಿ ಬಿಡೋದು ಎಂದು ಮೂರನೇ ದಿನದ್ದನ್ನು ಕೈಬಿಟ್ಟು, ನೇರವಾಗಿ ಹನ್ನೊಂದನೇ ದಿನದ ತಿಥಿಯನ್ನೇ ಮಾಡಿದರು. ಅಂದಿನಿಂದ ಪ್ರತಿ ವರ್ಷ ಹಿರಿಯರ ಹಬ್ಬಕ್ಕೆ ಅಪ್ಪನ ಎಲೆಯ ಪಕ್ಕದಲ್ಲಿ ಕಾವಲಪ್ಪನಿಗೂ ಒಂದು ಎಲೆ. ಯಂತ್ರ ಮುದ್ದೆ ತಿನ್ನುವುದಿಲ್ಲವೆಂದು ಅದರ ಮೇಲೆ ಒಂದು ಬಟ್ಟಲು ಹರಳೆಣ್ಣೆ. ಊರು ಬಿದ್ದು ಬಿದ್ದು ನಕ್ಕಿತು. ನಗಲಿ. ನಾನು ಆ ಬಟ್ಟಲು ತುಂಬಿಸಿಕೊಂಡೇ ಬೆಳೆದವಳು.

ಐದನೇ ಮತ್ತು ಆರನೇ ಭಾಗಗಳಲ್ಲಿ ಕಾವಲಪ್ಪ ಇರಲಿಲ್ಲ, ಕಥೆಯೂ ಇರಲಿಲ್ಲ. ಈಗ ಹದಿನೇಳು ವರ್ಷವಾದ ಮೇಲೆ ಏಳನೆಯದು ಬಂತು. ಮೊದಲ ಸಲ ಕನ್ನಡದಲ್ಲೂ ಡಬ್ ಮಾಡಿದ್ದರು. ಪೋಸ್ಟರಿನಲ್ಲಿ ಕಾವಲಪ್ಪನ ಮುಖ, ಅದರ ಕೆಳಗೆ ‘ತಿರುಗಿ ಬಂದ’ ಎಂದು ಎರಡೇ ಪದ.

ಚಿಕ್ಕಪ್ಪನ ಮಗ ಕುಮಾರೇಶ್ ಈಗ ಸಂಘದ ಕಾರ್ಯದರ್ಶಿ. ಅವನು ಹಳೇ ತಿಥಿಯ ಫೋಟೋ ಒಂದನ್ನು ಫೋನಿನಲ್ಲಿ ಹಾಕಿದ. ಬೋಳುತಲೆಯ ಚಿಕ್ಕಪ್ಪ, ಪೋಸ್ಟರು, ಅದರ ಮುಂದೆ ಎಡೆ. ಎಲ್ಲೆಲ್ಲಿಯವರೋ ಅದನ್ನು ನೋಡಿದರು. ಮೂರೇ ದಿನಕ್ಕೆ ಚೆನ್ನೈನಿಂದ ಸಿನಿಮಾ ಪ್ರಚಾರದ ಮಾಲಿನಿ ಎಂಬಾಕೆ ಕಾರಿನಲ್ಲಿ ನಮ್ಮ ಮನೆಗೆ ಬಂದಳು. ಒಳ್ಳೆಯ ಹುಡುಗಿ, ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬಂದಳು. ಅಜ್ಜಿಯ ಪಕ್ಕದಲ್ಲಿ ನೆಲದ ಮೇಲೆ ಕೂತು, ಅಜ್ಜಿಗೆ ಪಾಟಿ ಎನ್ನುತ್ತಾ ತಮಿಳಿನಲ್ಲೇ ಮಾತಾಡಿದಳು.

“ಪಾಟಿ, ಶುಕ್ರವಾರ ಹೊಸೂರಿನಲ್ಲಿ ಮೊದಲ ಆಟ. ಆಟ ಮುಗಿದ ಮೇಲೆ ನೀವು ಕಟೌಟಿಗೆ ಹಾಲು ಹುಯ್ದು, ನಮ್ಮ ಕಾವಲಪ್ಪ ತಿರುಗಿ ಬಂದ ಎಂದರೆ ಸಾಕು. ಕ್ಯಾಮೆರಾ ಇರುತ್ತದೆ. ತಿಥಿ ಮಾಡಿದ ಊರೇ ಬರಮಾಡಿಕೊಂಡ ಹಾಗಾಗುತ್ತದೆ. ಇನ್ನು ಮೇಲೆ ನೀವು ಆ ಎಲೆ ಇಡುವ ಕಷ್ಟವೂ ಇಲ್ಲ!”

ಅವಳು ಅದನ್ನು ಸಿಹಿಸುದ್ದಿಯ ಹಾಗೆ ಹೇಳಿದಳು. ನನಗೆ ಮೈ ಉರಿಯಿತು. ಆ ಎಲೆ ತೆಗೆದರೆ ಪಕ್ಕದ ಎಲೆಯ ಗತಿಯೇನು? ನಿಂತು ಸತ್ತವರು ಯಾರೂ ಇಲ್ಲ, ಎಲ್ಲ ಸುಮ್ಮನೆ ಎಂದು ಕ್ಯಾಮೆರಾ ಮುಂದೆ ನಮ್ಮ ಬಾಯಿಂದಲೇ ಹೇಳಿಸುವುದಕ್ಕೆ ಬಂದಿದ್ದಾಳೆ ಅನ್ನಿಸಿತು.

“ಆಗಾಕಿಲ್ಲ,” ಎಂದೆ.

ಕುಮಾರೇಶ್ ನನ್ನನ್ನು ಪಕ್ಕಕ್ಕೆ ಎಳೆದ. “ಅಕ್ಕಾ, ಹದಿನೇಳು ವರ್ಸದಿಂದ ನಗ್ತಾ ಅವ್ರೆ. ಅಪ್ಪ ಟೀ ಅಂಗ್ಡಿಗೋದ್ರೆ ಇವತ್ತಿಗೂ ಮಿಸನ್ ತಿಥಿ ರಾಮಣ್ಣ ಅಂತಾರೆ. ಒಂದ್ ದಿನ ನಮ್ದೂ ಬರ್ಲಿ ಬುಡಕ್ಕಾ. ಒಂದು ಚೊಂಬು ಹಾಲು, ಅಷ್ಟೇಯ.”

ಅಷ್ಟರಲ್ಲಿ ಅಜ್ಜಿ ಎಲೆಯಡಿಕೆ ಮಡಿಸುತ್ತಾ, “ಹಾಲು ತಾನೆ? ಹುಯ್ತೀನಿ ಬುಡು. ಮೊದ್ಲು ಸಿನಿಮಾ ತೋರ್ಸಿ,” ಎಂದುಬಿಟ್ಟಳು.

ಮಾಲಿನಿ ಹೋದ ಮೇಲೆ ನಾನು ಅಜ್ಜಿಯ ಮೇಲೆ ಹಾರಾಡಿದೆ. “ಅಪ್ಪನ ಪಕ್ಕದ ಎಲೆ ತಗುದ್ಬುಡ್ತೀಯಾ? ಒಂದ್ ಕ್ಯಾಮ್ರಾ ಕಂಡೇಟ್ಗೆ ಮನಸ್ಸು ಕರಗೋಯ್ತಾ ನಿಂಗೆ?”

ಅಜ್ಜಿ ಸಿಟ್ಟಾಗಲಿಲ್ಲ. “ನೀನು ಕಂಪ್ನೀಲಿ ಮಾಲು ನೋಡ್ದೇನೇ ಬ್ಯಾಡ ಅಂತೀಯೇನೆ?” ಎಂದಳು.

ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ನನ್ನದು ಕ್ವಾಲಿಟಿ ಕೆಲಸ. ನೀರಿನ ಪಂಪಿನ ಬಿಡಿಭಾಗಗಳನ್ನು ಅಳೆದು ನೋಡಿ, ಸರಿಯಿದ್ದರೆ ಹಸಿರು ಡಬ್ಬಕ್ಕೆ, ಇಲ್ಲದಿದ್ದರೆ ಕೆಂಪು ಡಬ್ಬಕ್ಕೆ ಹಾಕುತ್ತೇನೆ. ಅಳೆಯದೆ ಯಾವುದನ್ನೂ ಕೆಂಪಿಗೆ ಹಾಕಿದವಳಲ್ಲ. ಅಜ್ಜಿಗೆ ಅದು ಗೊತ್ತು.

ಶುಕ್ರವಾರ ಬೆಳಿಗ್ಗೆ ರಜಾ ಹಾಕಿ ಅಜ್ಜಿಯ ಜೊತೆ ಬಸ್ಸು ಹತ್ತಿದೆ. ಹೊರಡುವಾಗ ಅವಳು ಒಂದು ಸಣ್ಣ ಸೀಸೆಗೆ ತುಪ್ಪ ಹಾಕಿ ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡಳು. ಹೊಸೂರಿನಲ್ಲಿರುವ ಸೋದರತ್ತೆಯ ಮನೆಗಿರಬೇಕು ಎಂದುಕೊಂಡೆ. ಅವಳ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ, ಕೇಳಲಿಲ್ಲ.

ಥಿಯೇಟರ್ ಮುಂದೆ ಕಾವಲಪ್ಪನ ಮೂವತ್ತಡಿ ಕಟೌಟು. ತಮಟೆ, ಪಟಾಕಿ, ಮೂರು ಭಾಷೆಗಳಲ್ಲಿ ಜೈಕಾರ. ಕುಮಾರೇಶ್ ಮತ್ತು ಚಿಕ್ಕಪ್ಪ ಹೊಸ ಶರ್ಟು ಹಾಕಿಕೊಂಡು ನಿಂತಿದ್ದರು. ಮಾಲಿನಿ ನಮ್ಮನ್ನು ಎರಡನೇ ಸಾಲಿನ ಒಳ್ಳೆಯ ಸೀಟುಗಳಲ್ಲಿ ಕೂರಿಸಿದಳು.

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಸಿನಿಮಾದ ಮೊದಲರ್ಧ ಚೆನ್ನಾಗಿತ್ತು. ಬೂದಿಯ ಬಿರುಗಾಳಿಯಲ್ಲಿ ರೈಲಿನ ಮೇಲೆ ನಡೆಯುವ ಹೊಡೆದಾಟಕ್ಕೆ ನಾನೂ ಶಿಳ್ಳೆ ಹಾಕಿದೆ. ಕನ್ನಡದ ದನಿ ಗಟ್ಟಿಯಾಗಿತ್ತು, ಮಾತು ಮಾತ್ರ ರೇಡಿಯೋ ವಾರ್ತೆಯ ಹಾಗಿತ್ತು. ಆ ಪುಟ್ಟ ಹುಡುಗಿ ಈಗ ದೊಡ್ಡವಳಾಗಿ ಸೈನ್ಯ ನಡೆಸುತ್ತಾಳೆ. ಅಲ್ಲಿಯವರೆಗೆ ಎಲ್ಲ ಹಸಿರು ಡಬ್ಬವೇ.

ಇಂಟರ್‌ವಲ್ ಆದ ಮೇಲೆ ಅವಳು ನೆಲದಡಿಯ ಒಂದು ಕೋಣೆಗೆ ಇಳಿಯುತ್ತಾಳೆ. ಗಾಜಿನ ಪೆಟ್ಟಿಗೆಯಲ್ಲಿ ಕಾವಲಪ್ಪ ಮಲಗಿದ್ದಾನೆ. ಕಣ್ಣಿನ ಎರಡು ದೀಪಗಳು ಹತ್ತಿಕೊಳ್ಳುತ್ತವೆ. ಥಿಯೇಟರ್ ಕಿತ್ತುಹೋಗುವ ಹಾಗೆ ಜನ ಕಿರುಚಿದರು. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೂ ಸಂತೋಷವಾಯಿತು. ಹನ್ನೊಂದು ವರ್ಷದ ಹುಡುಗಿ ನನ್ನೊಳಗಿಂದ ಎದ್ದು ಕೂತಳು. ನಾನು ತಿರುಗಿ ನೋಡಿದ್ದು ಸುಮ್ಮನೆ ಹೋಗಲಿಲ್ಲ, ಬರುವವರು ಬರುತ್ತಾರೆ ಅನ್ನಿಸಿತು. ಕಣ್ಣು ತುಂಬಿಕೊಂಡಿತು.

ಆಗ ಅವನು ಬಾಯಿಬಿಟ್ಟ. “ನಾನು ಅಂದು ಸಾಯಲೇ ಇಲ್ಲ. ಬಾಗಿಲಿನಲ್ಲಿ ನಿಂತದ್ದು ನನ್ನ ನಕಲು. ನಾನು ಇಲ್ಲಿ ಸುರಕ್ಷಿತವಾಗಿದ್ದೆ.”

ಸುರಕ್ಷಿತವಾಗಿದ್ದನಂತೆ! ಹೆಂಗಸರೂ ಮಕ್ಕಳೂ ಓಡುತ್ತಿರುವಾಗ ಇವನು ನೆಲದಡಿಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದನಂತೆ. ಹಾಗಾದರೆ ಆ ಹುಡುಗಿಯನ್ನು ಉಳಿಸಿದವನು ಯಾರೂ ಅಲ್ಲವೆ? ಸುಟ್ಟು ಕರಗಿದವನಿಗೆ ಲೆಕ್ಕವೇ ಇಲ್ಲವೆ? ನಮ್ಮಪ್ಪನಿಗೆ ನಕಲು ಇರಲಿಲ್ಲ. ಒಂದೇ ಮೈ ಇತ್ತು, ಅದನ್ನೇ ಸಲಗದ ಎದುರಿಗೆ ನಿಲ್ಲಿಸಿದ. ಉಳಿದ ಸಿನಿಮಾದಲ್ಲಿ ಏನೇನೋ ಸಿಡಿದವು, ನಾನು ಏನನ್ನೂ ನೋಡಲಿಲ್ಲ. ಅಜ್ಜಿಯ ಕಡೆ ತಿರುಗಿದರೆ ಅವಳು ಚೀಲವನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದು ನೆಟ್ಟಗೆ ಕೂತಿದ್ದಳು. ಅಳುತ್ತಿರಲಿಲ್ಲ.

ಹೊರಗೆ ಬರುತ್ತಲೇ ಮಾಲಿನಿ ನನ್ನ ಮುಂದೆ ಮೈಕು ಹಿಡಿದಳು. “ಅಕ್ಕಾ, ಸಿನಿಮಾಕ್ಕೆ ಐದರಲ್ಲಿ ಎಷ್ಟು ಸ್ಟಾರ್ ಕೊಡುತ್ತೀರಿ?”

“ರಿಜೆಕ್ಟ್,” ಎಂದೆ. ಸುತ್ತಲಿದ್ದ ಹುಡುಗರು ಗಲಾಟೆ ಎಬ್ಬಿಸಿದರು. ನಾನು ದನಿ ಏರಿಸಿದೆ. “ಕೆಟ್ಟ ಮಾಲು ತಯಾರಾಗೋದು ತಪ್ಪಲ್ಲ, ನಮ್ಮ ಕಂಪ್ನೀಲೂ ದಿನಾ ಆಯ್ತದೆ. ಒಳ್ಳೇ ಮಾಲನ್ನ ಕೆಟ್ಟದು ಅಂತೇಳಿ ಬಿಸಾಕೋದು ತಪ್ಪು. ನಾಲ್ಕನೇ ಭಾಗದಲ್ಲಿ ಒಬ್ಬ ನಿಂತು ಸತ್ತ. ಅದು ಒಳ್ಳೇ ಮಾಲು. ಅದನ್ನ ನಕಲು ಅಂತೀರಾ? ಯಾರನ್ನ ಕೇಳಿ ಅಂದ್ರಿ?”

ಕುಮಾರೇಶ್ ತಲೆ ತಗ್ಗಿಸಿದ. ಮಾಲಿನಿ ಮೈಕು ಕೆಳಗಿಳಿಸಿ, ನಗುತ್ತಲೇ, ಅಜ್ಜಿಯ ಕೈಗೆ ಹಾಲಿನ ಚೊಂಬು ಕೊಟ್ಟಳು. ಕಟೌಟಿನ ತಲೆಯವರೆಗೂ ಏಣಿ ಹಾಕಿದ್ದರು. “ಮೇಲೆ ಹುಡುಗರು ಹುಯ್ಯುತ್ತಾರೆ ಪಾಟಿ, ನೀವು ಕೆಳಗೆ ಸುಮ್ಮನೆ ಮುಟ್ಟಿದರೆ ಸಾಕು.” ತಮಟೆ ಜೋರಾಯಿತು. ಹತ್ತಾರು ಫೋನುಗಳು ಎದ್ದವು.

ಅಜ್ಜಿ ಕಟೌಟಿನ ಕಾಲ ಬಳಿ ಕೂತಳು. ಚೀಲದಿಂದ ತುಪ್ಪದ ಸೀಸೆ ತೆಗೆದಳು. ಎರಡು ಎಕ್ಕದ ಎಲೆಯನ್ನೂ ತೆಗೆದಳು. ಚಿಕ್ಕಪ್ಪನಿಗೆ ಮೊದಲು ಅರ್ಥವಾಯಿತು. ಕೈ ಎತ್ತಿ ತಮಟೆಯವರನ್ನು ನಿಲ್ಲಿಸಿದ.

ಅವಳು ಎಲೆಯಲ್ಲಿ ಹಾಲು ತುಂಬಿ ನೆಲದ ಮಣ್ಣಿಗೆ ಬಿಟ್ಟಳು. ಮೂರು ಸಲ. ಆಮೇಲೆ ತುಪ್ಪ.

ತಮಿಳಿನವರಿಗೆ ಏನೋ ಪೂಜೆ ಅನ್ನಿಸಿತು. ನಮ್ಮ ಕಡೆಯವರಿಗೆಲ್ಲ ಅದು ಸತ್ತವರಿಗೆ ಬಿಡುವ ಹಾಲುತುಪ್ಪವೆಂದು ಗೊತ್ತಾಯಿತು. ಒಬ್ಬ ಮುದುಕ ಹಾಕಿದ್ದ ಚಪ್ಪಲಿ ಬಿಟ್ಟ.

ಮಾಲಿನಿ ನನ್ನ ತೋಳು ಹಿಡಿದು, “ಏನು ಮಾಡುತ್ತಿದ್ದಾರೆ?” ಎಂದು ಪಿಸುಗುಟ್ಟಿದಳು.

ಅಜ್ಜಿಗೆ ಅದು ಕೇಳಿಸಿತು. ಅವಳೇ ತಮಿಳಿನಲ್ಲಿ ನಿಧಾನವಾಗಿ ವಿವರಿಸಿದಳು. ಆಮೇಲೆ ಚಿಕ್ಕಪ್ಪನ ಕಡೆ ತಿರುಗಿ ನಮ್ಮ ಮಾತಿನಲ್ಲಿ ಬೈದಳು. “ಆವತ್ತು ಹಾಲುತುಪ್ಪ ಬುಡ್ದೇನೇ ತಿಥಿ ಮಾಡುದ್ವಲ್ಲಾ, ಅದು ನಮ್ಮದೇ ತಪ್ಪು ಕಣ್ಲಾ. ಬಾಯಿ ತಂಪು ಮಾಡ್ದೇನೆ ಕಳ್ಸುದ್ವಿ. ಅದ್ಕೇ ಇವ್ರು ಅವನ್ಹೆಸ್ರು ಹೇಳ್ಕಂಡು ಯಾವನ್ನೋ ಎಬ್ಬಿಸ್ಕಂಡ್ ಬಂದವ್ರೆ. ಕೆಳ್ಗೆ ಬಚ್ಚಿಟ್ಕಂಡಿದ್ದೋನು ನಮ್ಮೋನಲ್ಲ. ಬಾಗ್ಲಾಗೆ ನಿಂತೋನು ನಮ್ಮೋನು. ಅವನ್ದು ಇವತ್ತು ಮುಗೀತು.”

ಚಿಕ್ಕಪ್ಪ ಹೊಸ ಶರ್ಟಿನಲ್ಲೇ ಮಣ್ಣಿನ ಮೇಲೆ ಮಂಡಿಯೂರಿ ಕೂತ. ಎಲೆ ತೆಗೆದುಕೊಂಡು ತಾನೂ ಹಾಲುತುಪ್ಪ ಬಿಟ್ಟ. ಆಮೇಲೆ ಕುಮಾರೇಶ್. ಚಿಕ್ಕಪ್ಪನನ್ನು ನೋಡಿ ನಗುತ್ತಿದ್ದ ಊರಿನ ಇಬ್ಬರು ಕೂಡ ಮುಂದೆ ಬಂದು ಎಲೆ ಕೇಳಿದರು. ಕೊನೆಗೆ ನಾನು.

“ಪಾಟಿ, ಒಂದೇ ಒಂದು ಸಲ ಕ್ಯಾಮೆರಾ ನೋಡಿ, ತಿರುಗಿ ಬಂದ ಎನ್ನಿ,” ಎಂದು ಮಾಲಿನಿ ಬೇಡಿಕೊಂಡಳು.

ಅಜ್ಜಿ ನನ್ನ ಕೈ ಹಿಡಿದು ಎದ್ದಳು. ಹದಿನೇಳು ವರ್ಷದ ಹಿಂದೆ ಹಿಡಿದಷ್ಟೇ ಬಿಗಿಯಾಗಿ ಹಿಡಿದಿದ್ದಳು.

“ಆವತ್ತು ಗುಡ್ಡೆ ತಾವ ನೀನು ತಿರುಗಿ ನೋಡ್ದೆ. ನಂಗೊತ್ತು,” ಎಂದಳು. “ಇವತ್ತು ನೋಡ್ಬ್ಯಾಡ. ನಡಿ.”

ನಮ್ಮ ಹಿಂದೆ ಅವರು ಮತ್ತೆ ತಮಟೆ ಬಾರಿಸಲು ಶುರುಮಾಡಿದರು. ಅಪ್ಪ ಡಬ್ಬ ಬಡಿದ ಹಾಗೆಯೇ ಕೇಳುತ್ತಿತ್ತು. ನಾನು ಬಸ್ ಸ್ಟ್ಯಾಂಡಿನವರೆಗೂ ನೇರ ನೋಡಿಕೊಂಡು ನಡೆದೆ.